ಪರರಿಗಾಗಿ ಸಾಕಿದ ಮರಿ

ಗೃಹಸ್ಥರು ನಾಯಿಯನ್ನು ಸಾಕುವುದು ಸಾಮಾನ್ಯವಾಗಿ ಮನೆಯ ಕಾವಲಿಗಾಗಿ, ಇಲ್ಲವೆ ಮಕ್ಕಳ ವಿನೋದಕ್ಕಾಗಿ. ಆದರೆ ಅಮೇರಿಕೆಯ ನ್ಯೂಜೆರ್ಸಿ ಸಂಸ್ಥಾನದಲ್ಲಿಯೂ ಅದರ ನೆರೆಯ ಸೀಮೆಗಳಲ್ಲಿಯೂ ಕೆಲವು ಕುಟುಂಬಗಳವರು ತಮ್ಮದಲ್ಲದ ಮರಿಯೊಂದನ್ನು ಮನೆಗೆ ತಂದು, ಒಂದು ವರ್ಷಕ್ಕೂ ಹೆಚ್ಚು ಕಾಲ ಮಗುವಿನಂತೆ ಸಲಹಿ, ಅದು ಮನೆಯವರಲ್ಲಿ ಒಬ್ಬನಾಗುವ ಹೊತ್ತಿಗೆ ಸರಿಯಾಗಿ ಅದನ್ನು ಹಿಂದಿರುಗಿಸಿಬಿಡುವರು. ಮುಂದೆ ಆ ನಾಯಿಯು ಅಂಧರೊಬ್ಬರಿಗೆ ದಾರಿ ತೋರಿಸಬೇಕೆಂಬುದೇ ಅವರ ಉದ್ದೇಶ. ಈ ಕೆಲಸಕ್ಕೆ ಸಂಬಳವಿಲ್ಲ.

ಮೊದಲನೆಯ ಮಹಾಯುದ್ಧದಲ್ಲಿ ದೃಷ್ಟಿಯನ್ನು ಕಳೆದುಕೊಂಡ ಸೈನಿಕರಿಗೆ ನೆರವಾಗಲೆಂದು 1916ರಲ್ಲಿ ಜರ್ಮನಿಯ ಓಲ್ಡನ್‌ಬುರ್ಗ್ ಪಟ್ಟಣದಲ್ಲಿ ಮಾರ್ಗದರ್ಶಕ ನಾಯಿಗಳ ಶಾಲೆಯೊಂದು ಆರಂಭವಾಯಿತು. ಜರ್ಮನಿಯ ಈ ಪ್ರಯತ್ನಗಳನ್ನು ಕುರಿತು, ಸ್ವಿಟ್ಜರ್ಲೆಂಡಿನಲ್ಲಿ ನೆಲೆಸಿದ್ದ ಅಮೇರಿಕೆಯ ಶ್ರೀಮತಿ ಡೊರೊತಿ ಹ್ಯಾರಿಸನ್ ಯೂಸ್ಟಿಸ್ ಅವರು 1927ರಲ್ಲಿ ಪತ್ರಿಕೆಯೊಂದಕ್ಕೆ ಲೇಖನ ಬರೆದರು. ನ್ಯಾಶ್‌ವಿಲ್ ನಗರದ ಮಾರಿಸ್ ಫ್ರಾಂಕ್ ಎಂಬ ಅಂಧ ತರುಣನು ಆ ಲೇಖನದಿಂದ ಉತ್ಸಾಹಗೊಂಡು, 1928ರಲ್ಲಿ ಸಮುದ್ರವನ್ನು ದಾಟಿ ಅವರ ಬಳಿಗೆ ಹೋಗಿ, ಬಡ್ಡಿ ಎಂಬ ನಾಯಿಯೊಡನೆ ಶಿಕ್ಷಣ ಹೊಂದಿ ಮರಳಿದನು. ನ್ಯೂಯಾರ್ಕಿನಲ್ಲಿ ಹಡಗಿನಿಂದ ಇಳಿದೊಡನೆ, ವಾಹನಗಳಿಂದ ಕಿಕ್ಕಿರಿದ ಬೀದಿಯನ್ನು ಪತ್ರಿಕೆಯವರ ಕಣ್ಣೆದುರಿನಲ್ಲಿಯೇ ಬಡ್ಡಿಯ ನೆರವಿನಿಂದ ದಾಟಿ ತೋರಿಸಿದನು. 1929ರಲ್ಲಿ ಅವರಿಬ್ಬರೂ ಸೇರಿ ‘ಸೀಯಿಂಗ್ ಐ’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಇಂದು ನ್ಯೂಜೆರ್ಸಿಯ ಮಾರಿಸ್‌ಟೌನಿನಲ್ಲಿದೆ. ಮರಿಗಳನ್ನು ಗೃಹಸ್ಥರ ವಶಕ್ಕೆ ಕೊಟ್ಟು ಬೆಳೆಸುವ ಪದ್ಧತಿಯನ್ನು ಈ ಸಂಸ್ಥೆಯು 1942ರಲ್ಲಿ, ‘ಫೋರ್ ಎಚ್’ ಎಂಬ ಬಾಲಕ ಬಾಲಿಕೆಯರ ಸಂಘದ ಸಹಾಯದಿಂದ ಪ್ರಾರಂಭಿಸಿತು.

ಮರಿಗಳನ್ನು ಶಾಲೆಯ ಕೊಟ್ಟಿಗೆಯಲ್ಲಿಯೇ ಏಕೆ ಸಾಕಬಾರದೆಂದು ವಾಚಕರು ಕೇಳಬಹುದು. ನಾಯಿಯ ಮನಸ್ಸು ಮನುಷ್ಯರಿಗೆ ಒಗ್ಗಿಕೊಳ್ಳುವ ಮುಖ್ಯ ಕಾಲವು ಮೂರನೆಯ ವಾರದಿಂದ ಸುಮಾರು ಹನ್ನೆರಡನೆಯ ವಾರದವರೆಗೆ ಎಂದು ಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. ಆ ಅವಧಿಯನ್ನು ಜನಸಂಪರ್ಕವಿಲ್ಲದೆ ಕಳೆದ ಮರಿಯು ಬೆಳೆದಮೇಲೆ ಅಪರಿಚಿತರನ್ನೂ ಹೊಸ ಸದ್ದುಗಳನ್ನೂ ಕಂಡು ಬೆದರುವುದು. ಬೆದರುವ ನಾಯಿಯನ್ನು ನಂಬಿ ಅಂಧರು ಬೀದಿಗಿಳಿಯಲಾದೀತೆ? ಆದುದರಿಂದಲೇ ಮರಿಯು ಏಳೆಂಟು ವಾರದ್ದಾಗುತ್ತಲೇ ಸಂಸಾರದ ಮಧ್ಯಕ್ಕೆ ಬರುವುದು.

ಸಾಕುವವರ ಕೆಲಸವೇನೂ ಹಗುರವಲ್ಲ. ಮೊದಮೊದಲು ರಾತ್ರಿ ಎದ್ದು ಮರಿಯನ್ನು ಹೊರಗೆ ಕರೆದೊಯ್ಯಬೇಕು. ಅದು ಕಚ್ಚಿ ಹಾಳುಮಾಡಿದ ಪಾದರಕ್ಷೆಯನ್ನು ಸಹಿಸಬೇಕು. ಕರೆದಾಗ ಬರುವುದನ್ನು, ಹೇಳಿದಾಗ ಕುಳಿತುಕೊಳ್ಳುವುದನ್ನು, ಊಟದ ಮೇಜಿನ ಬಳಿ ಬೇಡದೆ ಸುಮ್ಮನಿರುವುದನ್ನು ಕಲಿಸಬೇಕು. ಅಂಗಡಿ, ರೈಲು ನಿಲ್ದಾಣ, ಜನಸಂದಣಿ ಎಲ್ಲವನ್ನೂ ತೋರಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಮನುಷ್ಯರು ನಂಬಿಕೆಗೆ ತಕ್ಕವರೆಂಬುದು ಅದರ ಮನಸ್ಸಿನಲ್ಲಿ ಬೇರೂರುವಂತೆ ಪ್ರೀತಿಸಬೇಕು.

ಶಾಲೆಗೆ ಮರಳಿದ ನಾಯಿಗೆ ಸುಮಾರು ನಾಲ್ಕು ತಿಂಗಳ ಶಿಕ್ಷಣ ದೊರೆಯುವುದು. ಅಲ್ಲಿ ಕಲಿಸುವ ಪಾಠಗಳಲ್ಲಿ ಒಂದು ವಿಚಿತ್ರವಾದುದು. ಮನೆಯಲ್ಲಿ ವಿಧೇಯತೆಯನ್ನು ಕಲಿತ ನಾಯಿಯು ಇಲ್ಲಿ ಅವಿಧೇಯತೆಯನ್ನೂ ಕಲಿಯುವುದು. ಯಜಮಾನನು ‘ಮುಂದೆ ನಡೆ’ ಎಂದಾಗ ವಾಹನವು ಎದುರಿಗೆ ಬರುತ್ತಿದ್ದರೆ ಅದು ಆಜ್ಞೆಯನ್ನು ಮೀರಿ ನಿಲ್ಲಬೇಕು. ಅಂಜುಬುರುಕ ಪ್ರಾಣಿಗೆ ಇಂಥ ವಿವೇಕವು ಸಾಧ್ಯವಿಲ್ಲ. ಮನೆಯ ಮಮತೆಯು ಕೊಟ್ಟ ಧೈರ್ಯವೇ ಇಲ್ಲಿ ಮನುಷ್ಯನ ಪ್ರಾಣವನ್ನು ಕಾಯುವುದು.

ಆದರೆ ಬೀಳ್ಕೊಡುವ ದಿನದ ವೇದನೆಗೆ ಯಾವ ಶಾಸ್ತ್ರವೂ ಔಷಧವನ್ನು ಹೇಳಿಲ್ಲ. ಪರರ ಮಗುವನ್ನು ತನ್ನದೆಂದೇ ಸಾಕಿ ಮಧುರೆಗೆ ಕಳುಹಿಸಿದ ಯಶೋದೆಯ ಸಂಕಟವನ್ನು ನಮ್ಮ ಗೃಹಿಣಿಯರು ಬಲ್ಲರು. ಈ ಮನೆಗಳಲ್ಲಿಯೂ ಬರಿದಾದ ಅನ್ನದ ಬಟ್ಟಲನ್ನು ಎತ್ತಿಡುವಾಗ ಕಣ್ಣೀರು ಬಾರದೆ ಇರದು. ಶಿಕ್ಷಣವು ಮುಗಿಯುವ ಹೊತ್ತಿಗೆ ಸಾಕಿದವರನ್ನು ಆಹ್ವಾನಿಸುವ ವಾಡಿಕೆಯುಂಟು. ತಮ್ಮ ಮರಿಯು ಪಟ್ಟಣದ ಬೀದಿಯಲ್ಲಿ ಗಂಭೀರವಾಗಿ ದಾರಿ ತೋರಿಸುತ್ತ ನಡೆಯುವುದನ್ನು ಅವರು ದೂರದಿಂದ ನೋಡಬೇಕು; ಕೂಗಿ ಕರೆಯಕೂಡದು. ಎಲ್ಲ ನಾಯಿಗಳೂ ಈ ವೃತ್ತಿಗೆ ಯೋಗ್ಯವಾಗುವುದಿಲ್ಲ. ಹಾಗೆ ಹಿಂದುಳಿದ ನಾಯಿಯನ್ನು ಪಡೆಯುವ ಮೊದಲ ಹಕ್ಕು ಸಾಕಿದ ಮನೆಯವರದು.

ತೇರ್ಗಡೆಯಾದ ನಾಯಿಯು ಅಂಧರ ಸ್ವಂತ ಸೊತ್ತಾಗುವುದು. ಮೊದಲನೆಯ ನಾಯಿಗೆ ಅವರು ಕೊಡಬೇಕಾದುದು 150 ಡಾಲರು. 1934ರಲ್ಲಿ ಗೊತ್ತುಮಾಡಿದ ಈ ಶುಲ್ಕವನ್ನು ಸಂಸ್ಥೆಯು ಏರಿಸಿಲ್ಲ. ನಿಜವಾದ ವೆಚ್ಚದ ಅಲ್ಪಾಂಶವೂ ಇದಲ್ಲವಾದರೂ, ಪಡೆದವರು ಭಿಕ್ಷೆಯನ್ನಲ್ಲ, ತಮ್ಮದನ್ನೇ ಪಡೆದೆವೆಂಬ ಅಭಿಮಾನದಿಂದ ತಲೆಯೆತ್ತಿ ನಡೆಯಲೆಂಬುದು ಇದರ ಇಂಗಿತ.

ಮಿಕ್ಕದ್ದನ್ನು ಉಳ್ಳವರು ದಾನಮಾಡುವುದು ಲೋಕದಲ್ಲಿ ಕಂಡ ಸಂಗತಿ. ಇಲ್ಲಿಯಾದರೋ ಕೊಡುವ ದಿನಕ್ಕೆ ಆ ವಸ್ತುವು ಕೊಡಲಾರದಷ್ಟು ಪ್ರಿಯವಾಗಿರಬೇಕು. ಪ್ರಿಯವಾಗದಿದ್ದರೆ ಅದು ಕೊಡಲು ಯೋಗ್ಯವೇ ಆಗಿರದು. ಹೀಗಿದ್ದೂ ಒಂದು ಮರಿಯನ್ನು ಕಳುಹಿಸಿದ ಮನೆಗಳಲ್ಲಿ ಅನೇಕರು, ಕೆಲವು ದಿನ ಕಳೆದಮೇಲೆ, ಎತ್ತಿಟ್ಟ ಬಟ್ಟಲನ್ನು ಮತ್ತೆ ತೊಳೆದು, ಇನ್ನೊಂದು ಮರಿಗಾಗಿ ಬಾಗಿಲು ತೆರೆಯುವರು.