ಅಂಬಿನ ಉದ್ದ: ವೀರಗಲ್ಲುಗಳನ್ನು ಓದುವವರಿಗೆ ಒಂದು ವಿವರಣೆ

ಕೋಲಾರದ ಚಿನ್ನದ ಗಣಿ, ಬಂಗಾರಪೇಟೆ ಎಂದೊಡನೆ ವಾಚಕರ ನೆನಪಿಗೆ ಬರುವುದು 2001ರಲ್ಲಿ ಮುಚ್ಚಿದ ಗಣಿಗಳು. ಇತಿಹಾಸದ ವಿದ್ಯಾರ್ಥಿಗೆ ಈ ಸೀಮೆ ವೀರಗಲ್ಲುಗಳ ನಾಡೂ ಹೌದು. ಗಂಗರು, ಬಾಣರು, ನೊಳಂಬರು, ವೈದುಂಬರು ಇಲ್ಲಿ ಕಾದಾಡಿದ ಕಾಲದಲ್ಲಿ ಊರನ್ನೋ ತುರುವನ್ನೋ ಕಾಯಲು ಹೋಗಿ ಮಡಿದವರ ಕಲ್ಲುಗಳು ಜಿಲ್ಲೆಯಲ್ಲಿ ಹೇರಳವಾಗಿವೆ. ಬಿ. ಎಲ್. ರೈಸ್ ಅವರು 1905ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 10ನೆಯ ಸಂಪುಟ ಕೋಲಾರ ಜಿಲ್ಲೆಯ ಶಾಸನಗಳಿಗೇ ಮೀಸಲಾದುದು. ಇಂತಹ ಕಲ್ಲುಗಳಲ್ಲಿ ಬಿಲ್ಲೆತ್ತಿದ ವೀರನನ್ನೂ ಮೈಗೆ ಅಂಬು ನಾಟಿದ ವೀರನನ್ನೂ ಕಾಣುತ್ತೇವೆ. ಅಂಬು ಒಂದೆಡೆ ನೀಳವಾಗಿ, ಇನ್ನೊಂದೆಡೆ ಗಿಡ್ಡವಾಗಿ ತೋರಬಹುದು. ಈ ವ್ಯತ್ಯಾಸವನ್ನು ಕಾಲಭೇದಕ್ಕೋ ವಂಶಭೇದಕ್ಕೋ ಸಾಕ್ಷ್ಯವೆಂದು ಹಿಡಿಯುವ ಮುನ್ನ, ಅಂಬಿನ ಉದ್ದವು ಯಾವುದರಿಂದ ನಿರ್ಣಯವಾಗುತ್ತದೆ ಎಂಬುದನ್ನು ವಿಚಾರಿಸಬೇಕು.

ಮೊದಲನೆಯದು ಬಿಲ್ಲಾಳಿನ ದೇಹ. ಹೆದೆಯನ್ನು ಪೂರ್ಣವಾಗಿ ಎಳೆದಾಗಲೂ ಮೊನೆಯು ಬಿಲ್ಲಿನ ಮುಂದೆಯೇ ಇರಬೇಕು. ಹಿಂದೆ ಸರಿದರೆ ಬಿಲ್ಲು ಹಿಡಿದ ಕೈಗೇ ಗಾಯವಾದೀತು. ಆದುದರಿಂದ ಅಂಬು ಎಳೆತಕ್ಕಿಂತ ಒಂದು ಇಂಚಾದರೂ ಉದ್ದವಾಗಿರಬೇಕು. ವಾಸಿಷ್ಠ ಧನುರ್ವೇದವು ಬಾಣಕ್ಕೆ ಎರಡು ಹಸ್ತದಲ್ಲಿ ಒಂದು ಮುಷ್ಟಿ ಕಡಮೆಯಾದ ಉದ್ದವನ್ನೂ ಕಿರುಬೆರಳಿನ ದಪ್ಪವನ್ನೂ ವಿಧಿಸುತ್ತದೆ. ಹಸ್ತವೆಂದರೆ 24 ಅಂಗುಲ. ಐದೂವರೆ ಅಡಿ ಎತ್ತರದ ಮನುಷ್ಯನ ಹಸ್ತವನ್ನು ಅವನ ಎತ್ತರದ ನಾಲ್ಕನೆಯ ಒಂದು ಪಾಲೆಂದೂ, ಮುಷ್ಟಿಯನ್ನು ನಾಲ್ಕು ಅಂಗುಲವೆಂದೂ ಎಣಿಸಿದರೆ, ಅಂಬು ಸುಮಾರು 30 ಇಂಚಾಗುತ್ತದೆ. ಹೆದೆಯನ್ನು ಕಿವಿಯವರೆಗೆ ಸೆಳೆಯುವವನಿಗೆ ಇದು ಒಪ್ಪುವ ಅಳತೆ. ಆಳು ಕುಳ್ಳನಾದರೆ ಅಂಬೂ ಕುಗ್ಗುತ್ತದೆ.

ಬಿಲ್ಲಿಗೂ ಇದೇ ನ್ಯಾಯ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಾಲ್ಕು ಅರತ್ನಿಗಳ ಒಂದೇ ಅಳತೆಗೆ ‘ಧನು’ ಎಂದೂ ‘ಪೌರುಷ’ ಎಂದೂ ಹೆಸರುಂಟು. ಭಾರತೀಯರ ಬಿಲ್ಲು ಆಳೆತ್ತರವಿತ್ತೆಂದು ಗ್ರೀಕ್ ಲೇಖಕ ಅರಿಯನ್ನನೂ ಹೇಳುತ್ತಾನೆ. ಆದರೆ ಅವನು ವರ್ಣಿಸುವ ಬಿಲ್ಲನ್ನು ನೆಲಕ್ಕೂರಿ ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದರು. ಅದರ ಅಂಬು ಮೂರು ಮೊಳಕ್ಕೆ ತುಸುವೇ ಕಡಮೆ. ಎಳೆಯುವ ರೀತಿ ಬೇರೆಯಾದುದರಿಂದ ಉದ್ದವೂ ಬೇರೆಯಾಯಿತು.

ಎರಡನೆಯದು ಬಿಲ್ಲಿನ ಬಲ. ಹೆದೆಯನ್ನು ಬಿಟ್ಟೊಡನೆ ಕೋಲು ನೆಟ್ಟಗೆ ಹೋಗುವುದಿಲ್ಲ. ಹಿಂದಿನಿಂದ ಬಿದ್ದ ಒತ್ತಡಕ್ಕೆ ಬಾಗಿ, ಬಿಲ್ಲಿನ ಪಕ್ಕವನ್ನು ಬಳಸಿಕೊಂಡು, ಮುಂದೆ ಸಾಗುತ್ತ ನೇರವಾಗುತ್ತದೆ. ಕೋಲಿನ ಬಿಗುಪು ಬಿಲ್ಲಿನ ಬಲಕ್ಕೆ ಹೊಂದಿದ್ದರೆ ಮಾತ್ರ ಗುರಿ ಸಿದ್ಧಿಸುತ್ತದೆ. ಒಂದೇ ದಪ್ಪದ ಕೋಲಿನ ಬಾಗುವಿಕೆ ಉದ್ದದ ಘನಕ್ಕೆ ಅನುಗುಣವಾಗಿ ಹೆಚ್ಚುವುದರಿಂದ, 30 ಇಂಚಿನ ಕೋಲಿಗಿಂತ 32 ಇಂಚಿನದು ಅದೇ ಭಾರಕ್ಕೆ ಐದರಲ್ಲಿ ಒಂದು ಪಾಲಿಗೂ ಮಿಗಿಲಾಗಿ ಬಾಗುತ್ತದೆ. ಮೊನೆ ಭಾರವಾದರೂ ಕೋಲು ಮೆತ್ತಗಾದಂತೆಯೇ ವರ್ತಿಸುತ್ತದೆ.

ಅಂಬನ್ನು ಹದಗೊಳಿಸುವ ಕ್ರಮ ಇದರಿಂದಲೇ ಹುಟ್ಟಿದೆ. ಬಲಿತ ಬಿದಿರನ್ನು ನೆರಳಿನಲ್ಲಿ ಒಣಗಿಸಿ, ಕಾವು ಕೊಟ್ಟು ನೆಟ್ಟಗೆ ಮಾಡಿ, ಹೆದೆಗೆ ಕೂರುವ ಕಚ್ಚು ಸೀಳದಂತೆ ಅದನ್ನು ಗಿಣ್ಣಿನ ಸಮೀಪದಲ್ಲಿ ಕೊರೆಯಬೇಕು. ಕೋಲನ್ನು ಮೊದಲು ಉದ್ದವಾಗಿಯೇ ಇಟ್ಟುಕೊಂಡು, ಗರಿ ಕಟ್ಟದೆ, ಹತ್ತಿರದ ಗುರಿಗೆ ಎಸೆದು ನೋಡುವುದು ಲೇಸು. ಬಲಗೈಯಿಂದ ಎಳೆಯುವವನು ಬಿಲ್ಲಿನ ಎಡಬದಿಯಲ್ಲಿ ಅಂಬನ್ನಿಟ್ಟಿದ್ದರೆ, ಮೆತ್ತನೆಯ ಕೋಲು ಬಲಕ್ಕೂ ಬಿಗಿಯಾದುದು ಎಡಕ್ಕೂ ಸರಿಯುತ್ತದೆ. ಬಲಬದಿಯಲ್ಲಿಟ್ಟರೆ ಇದು ತಿರುವುಮುರುವಾಗುತ್ತದೆ. ಮೆತ್ತಗಿದ್ದರೆ ಮೊನೆಯ ಕಡೆಯಿಂದ ಕಾಲು ಇಂಚಿನಷ್ಟನ್ನೇ ಕತ್ತರಿಸಿ ಮತ್ತೆ ಪರೀಕ್ಷಿಸಬೇಕು. ಬಿಗಿಯಾಗಿದ್ದರೆ ಕೋಲನ್ನು ತುಸು ಹೆರೆಯಬಹುದು, ಇಲ್ಲವೆ ಭಾರವಾದ ಮೊನೆಯನ್ನು ತೊಡಿಸಬಹುದು. ಕತ್ತರಿಸಿದ್ದನ್ನು ಮರಳಿ ಸೇರಿಸಲಾಗದು. ಎಳೆತದ ಮಿತಿಯನ್ನಂತೂ ಮೀರಕೂಡದು.

ಹೀಗೆ ಹದಗೊಂಡ ಅಂಬು ಒಬ್ಬ ಆಳಿಗೆ, ಒಂದು ಬಿಲ್ಲಿಗೆ ಸೇರಿದ್ದು. ಬತ್ತಳಿಕೆ ಬರಿದಾದವನು ನೆರೆಯವನ ಅಂಬನ್ನು ಹೂಡಿದರೆ ಗುರಿಯ ಭರವಸೆ ಕುಂದುತ್ತದೆ. ತುರುಗೊಳ್ಳಲು ಬಂದವರನ್ನು ಅಟ್ಟಿಹೋದ ಊರಾಳಿಗೆ ಇದು ಜೀವದ ಪ್ರಶ್ನೆಯೇ ಆಗಿದ್ದಿರಬೇಕೆಂದು ನಾವು ಊಹಿಸಬಹುದು.

ಬಿದಿರೂ ಗರಿಯೂ ಮಣ್ಣಿನಲ್ಲಿ ಕೊಳೆಯುತ್ತವೆ. ಸಾಮಾನ್ಯವಾಗಿ ಉಳಿಯುವುದು ಕಬ್ಬಿಣದ ಮೊನೆ ಮಾತ್ರ. ಆದ್ದರಿಂದ ಕಲ್ಲಿನ ಚಿತ್ರಗಳಿಗೆ ಬೆಲೆ ಹೆಚ್ಚು. ಆದರೆ ಶಿಲ್ಪಿಯು ಹಲಗೆಯ ಅಗಲಕ್ಕೆ ತಕ್ಕಂತೆ ಆಕೃತಿಗಳನ್ನು ಹಿಗ್ಗಿಸಿ ಕುಗ್ಗಿಸಬಲ್ಲನಾದುದರಿಂದ, ಅಂಬನ್ನು ಇಂಚಿನಲ್ಲಿ ಅಳೆದರೆ ಸಾಲದು. ಅದೇ ವೀರನ ಮೊಳದೊಡನೆ ಅದನ್ನು ಹೋಲಿಸಬೇಕು; ಎಳೆದ ಕೈ ಎದೆಯ ಬಳಿ ಇದೆಯೋ ಕಿವಿಯ ಬಳಿ ಇದೆಯೋ, ಅಂಬು ಬಿಲ್ಲಿನ ಯಾವ ಬದಿಯಲ್ಲಿದೆ, ಮೊನೆ ಎಷ್ಟು ಮುಂದಿದೆ ಎಂಬುದನ್ನೂ ಗುರುತುಹಾಕಬೇಕು. ಬಯಲಿನ ಕಲ್ಲು ಮಳೆಗಾಳಿಗೆ ಸವೆಯುತ್ತಿದೆ. ಹೊಲ ನಿವೇಶನವಾದಾಗ ನೆಲೆಯನ್ನೂ ಕಳೆದುಕೊಳ್ಳುತ್ತದೆ. ಶಾಸನದ ಪಾಠವನ್ನು ನಕಲು ಮಾಡುವಷ್ಟೇ ಶ್ರದ್ಧೆಯಿಂದ ಈ ವಿವರಗಳನ್ನು ಬರೆದಿಟ್ಟುಕೊಂಡಲ್ಲಿ, ಹೆಸರೂ ಅಳಿಸಿಹೋದ ಬಿಲ್ಲಾಳಿನ ಕೈಕೆಲಸವಾದರೂ ನಮ್ಮ ಅರಿವಿಗೆ ದಕ್ಕೀತು.