ಸೊಳ್ಳೆಯ ವಯಸ್ಸನ್ನು ಹೇಳುವ ನುಸಿ

ಮನುಷ್ಯನ ರಕ್ತವನ್ನು ಹೀರುವ ಸೊಳ್ಳೆಯನ್ನೇ ಹೀರುವ ಜೀವಿಯೊಂದುಂಟು. ಕೆಲವು ಅನಾಫಿಲೀಸ್ ಸೊಳ್ಳೆಗಳನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೈಗಂಟಿದ ಕೆಂಪು ಮಣಿಗಳು ಕಾಣುವುವು. ಇವು ಜೇಡನ ದೂರದ ಬಂಧುವಾದ ನೀರುನುಸಿಯ ಮರಿಗಳು.

ಆರು ಕಾಲಿನ ಈ ಮರಿಯು ನೀರಿನಲ್ಲಿ ಸೊಳ್ಳೆಯ ಕೋಶವನ್ನು ಹುಡುಕಿ, ಅದನ್ನು ಹಿಡಿದು ಕಾಯುವುದು. ಕೋಶವೊಡೆದು ಸೊಳ್ಳೆ ಹೊರಬರುತ್ತಲೇ ಅದರ ಮೈಗೇರಿ, ಚರ್ಮವನ್ನು ಚುಚ್ಚಿ ದೇಹರಸವನ್ನು ಹೀರುವುದು. ಹೆಣ್ಣುಸೊಳ್ಳೆ ಮೊಟ್ಟೆಯಿಡಲು ನೀರಿಗೆ ಮರಳಿದಾಗ ಕಳಚಿಕೊಂಡು, ಮುಂದೆ ಎಂಟು ಕಾಲಿನ ನುಸಿಯಾಗುವುದು.

ಇದರಿಂದ ನಮಗೇನು ಪ್ರಯೋಜನ? ಮಲೇರಿಯಾದ ರೋಗಾಣು ಸೊಳ್ಳೆಯ ಒಡಲಲ್ಲಿ ಪಕ್ವವಾಗಲು ಸುಮಾರು 10 ದಿನಗಳು ಅಥವಾ ಇನ್ನೂ ಹೆಚ್ಚು ಕಾಲ ಬೇಕು. ಆದುದರಿಂದ ಎಳೆಯ ಸೊಳ್ಳೆಯ ಕಡಿತದಿಂದ ಮಲೇರಿಯಾ ಬಾರದು. ಬಹುದಿನ ಬಾಳಿದ ಸೊಳ್ಳೆಯೇ ಅಪಾಯಕಾರಿ. ನುಸಿಯನ್ನು ಹೊತ್ತ ಹೆಣ್ಣು ಸಾಮಾನ್ಯವಾಗಿ ಇನ್ನೂ ಮೊಟ್ಟೆಯಿಡದ ಎಳೆಯದು. ಗಿಲೆಟ್ ಎಂಬ ವಿಜ್ಞಾನಿ 1957ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಫ್ರಿಕದ ಒಂದು ಜಾತಿಯ ಸೊಳ್ಳೆಗಳ ವಯಸ್ಸನ್ನು ಈ ನುಸಿಗಳಿಂದಲೇ ಗುರುತಿಸಿದರು.

ಆದರೆ ನುಸಿಯಿಲ್ಲದ ಸೊಳ್ಳೆಯೆಲ್ಲ ಮುದಿಯೆಂದು ತಿಳಿಯಲಾಗದು; ಮೊದಲಿನಿಂದಲೂ ಅದಕ್ಕೆ ನುಸಿ ಹತ್ತದೆಯೇ ಇದ್ದಿರಬಹುದು. ಹಾಗಿದ್ದರೂ ಈ ಗುರುತಿನ ಬೆಲೆ ಅಲ್ಪವಲ್ಲ. ಔಷಧ ಸಿಂಪಡಿಸಿದ ಊರಿನಲ್ಲಿ ಸೊಳ್ಳೆಗಳೆಷ್ಟು ಉಳಿದುವು ಎಂಬುದಕ್ಕಿಂತ, ಅವು ಎಷ್ಟು ದಿನ ಬಾಳುತ್ತಿವೆ ಎಂಬುದೇ ಮುಖ್ಯವಾದ ಪ್ರಶ್ನೆಯಲ್ಲವೆ?