ಡಿಶ್ಶಿನಲ್ಲಿ ಅರ್ಧ ವಾಹಿನಿ ಮಾಯವೇ?

ದೂರದರ್ಶನದ ಗೋಪುರದಿಂದ ಚಿತ್ರ ಬರುತ್ತಿದ್ದ ದಿನಗಳಲ್ಲಿ ಮಾಡಿನ ಮೇಲಿನ ಆಂಟೆನಾದ ಕಡ್ಡಿಗಳು ಸಾಮಾನ್ಯವಾಗಿ ಅಡ್ಡ ಮಲಗಿರುತ್ತಿದ್ದವು. ಅಲೆಗಳ ವಿದ್ಯುತ್ ಕಂಪನವೂ ನೆಲಕ್ಕೆ ಸಮಾನಾಂತರವಾಗಿದ್ದುದೇ ಕಾರಣ. ಇದಕ್ಕೆ ಧ್ರುವೀಕರಣವೆನ್ನುತ್ತಾರೆ. ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿದರೆ ಚಿತ್ರ ಮಸುಕಾಗುತ್ತಿತ್ತು.

ಇಂದಿನ ಡಿಶ್ಶಿಗೂ ಇದೇ ನಿಯಮ. ಉಪಗ್ರಹದಿಂದ ಕೆಲವು ವಾಹಿನಿಗಳು ಅಡ್ಡ ಅಲೆಯಲ್ಲಿ, ಕೆಲವು ಲಂಬ ಅಲೆಯಲ್ಲಿ ಬರುತ್ತವೆ. ಡಿಶ್ಶಿನ ಮುಂದಿರುವ ಎಲ್‌ಎನ್‌ಬಿಗೆ ಸೆಟ್‌ಟಾಪ್ ಬಾಕ್ಸು ಸುಮಾರು 13 ವೋಲ್ಟ್ ಕೊಟ್ಟರೆ ಲಂಬ, 18 ಕೊಟ್ಟರೆ ಅಡ್ಡ ಅಲೆ ಸಿಗುತ್ತದೆ.

ಅಡಿಕೆ ಮರಗಳ ಮರೆ ತಪ್ಪಿಸಲು ಡಿಶ್ಶನ್ನು ದೂರದಲ್ಲಿಟ್ಟವರು ಗಮನಿಸಬೇಕು. ಉದ್ದ ಕೇಬಲಿನಲ್ಲಿ ವೋಲ್ಟೇಜ್ ಕುಸಿದರೆ ಅಡ್ಡ ಅಲೆಯ ವಾಹಿನಿಗಳು ಮಾತ್ರ ಮಾಯವಾಗಬಹುದು. ಪೇಟೆಯಿಂದ ಮೆಕ್ಯಾನಿಕ್ಕನ್ನು ಕರೆಸುವ ಮುನ್ನ ಬಾಕ್ಸನ್ನು ಆರಿಸಿ, ಮಳೆಗೆ ತೇವ ಹಿಡಿದ ಜೋಡಣೆ ಒರೆಸಿರಿ. ಎಲ್‌ಎನ್‌ಬಿ ತಿರುಗಿದ್ದರೆ ಮೊದಲಿನ ಗುರುತಿಗೆ ತನ್ನಿರಿ.